ಹೆಡ್‌ರೂಮ್ ಏಳು ಫೂಟು

ಮೌನೇಶ, ಸುಜಾತಾ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಕಳೆದ ತಿಂಗಳು ಶಹಾಪುರದ ಮದುವೆಯಲ್ಲಿ ಊಟಕ್ಕೆ ಕುಳಿತಾಗ ಯಾರೋ ಹಿರಿಯರು ಮೌನೇಶನನ್ನು ನೋಡಿ, “ನೀ ಆ ಬೀಮ್ ಗೌಂಡಿ ಮೊಮ್ಮಗನೇನು?” ಎಂದು ಕೇಳಿ ನಕ್ಕರಂತೆ. ಮನೆಗೆ ಬಂದವನೇ ಅವನು ನನ್ನನ್ನು ಕೇಳಿದ, “ಆಯಿ, ಮುತ್ಯಾಗ ಹಂಗ್ಯಾಕ ಅಂತಾರ?” ನಾನು ಒಲೆಯ ಮುಂದಿದ್ದೆ. ರೊಟ್ಟಿ ಹೊತ್ತುತ್ತದೆ ಎಂದು ನೆಪ ಹೇಳಿ ಮುಖ ತಿರುಗಿಸಿದೆ. ನಿಮ್ಮ ಕಣ್ಣು ನೋಡಿಕೊಂಡು ಇದನ್ನು ಹೇಳುವ ಧೈರ್ಯ ನನಗಿಲ್ಲ. ಬಾಯಿಗಿಂತ ಕೈ ಸ್ವಲ್ಪ ಗಟ್ಟಿಯಿದೆ. ಅದಕ್ಕೆ ಬರೆಯುತ್ತೇನೆ.

ನಮ್ಮ ಕಡೆಯ ಹೊಲಗಳಿಗೆ ಕಾಲುವೆಯ ನೀರು ಬರುವ ಹಿಂದಿನ ವರ್ಷದ ಮಾತು ಇದು. ನನಗೆ ಆಗ ಇಪ್ಪತ್ತಾರು ವರ್ಷ. ನನ್ನ ಗಂಡ, ನಿಮ್ಮ ಮುತ್ಯಾ, ಶಹಾಪುರದಲ್ಲಿ ಗೌಂಡಿ, ಅಂದರೆ ಕಟ್ಟಡ ಕಟ್ಟುವ ಮೇಸ್ತ್ರಿ. ನಾನು ಅವರ ಜೊತೆಯಲ್ಲೇ ಮಾಲು ಹೊರುವ ಆಳು. ಮರಳು, ಜಲ್ಲಿ, ಸಿಮೆಂಟು ಕಲಸಿದ್ದಕ್ಕೆ ನಾವು ಮಾಲು ಎನ್ನುತ್ತೇವೆ. ಆಗ ಸುರಪುರದಿಂದ ಯಾದಗಿರಿವರೆಗೆ ಎಲ್ಲಿ ನೋಡಿದರೂ ಅಗೆದ ಮಣ್ಣು, ಟ್ರಕ್ಕು, ಧೂಳು. ನೀರು ಬರುತ್ತದೆ, ಭತ್ತ ಬರುತ್ತದೆ, ಹತ್ತಿ ಬರುತ್ತದೆ ಎಂದು, ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯವರು ಹಳೆಯ ಮಣ್ಣಿನ ಮಾಳಿಗೆ ಕೆಡವಿ ಎರಡಂತಸ್ತಿನ ಕಟ್ಟಡ ಎಬ್ಬಿಸತೊಡಗಿದ್ದರು.

ಅಲ್ಲಿಯವರೆಗೆ ನಮ್ಮ ಮನೆಗಳಿಗೆ ಮಾಳಿಗೆ ಹತ್ತಲು ನಿಚ್ಚಣಿಕೆ ಸಾಕಾಗಿತ್ತು. ದೊಡ್ಡವರ ಮನೆಯಲ್ಲಿ ಕಲ್ಲಿನ ಪಾವಟಿಗೆ ಇರುತ್ತಿತ್ತು, ಹಳೆಯ ಸಾವುಕಾರರು ಅದಕ್ಕೆ ಜೀನಾ ಎನ್ನುತ್ತಿದ್ದರು. ಅದನ್ನು ಕಟ್ಟಲು ಕಾಗದ ಬೇಕಿರಲಿಲ್ಲ. ಕಬ್ಬಿಣ, ಸಿಮೆಂಟಿನ ಮೆಟ್ಟಿಲು ಬಂದಾಗ ಅದರ ಸಂಗಡ ನೀಲಿ ನಕಾಶೆ ಬಂತು, ನಕಾಶೆಯ ಮೈತುಂಬ ಇಂಗ್ಲಿಷ್ ಬಂತು.

ನಿಮ್ಮ ಮುತ್ಯಾ ಸಾಲಿಯ ಕಟ್ಟೆ ಹತ್ತಿದವರಲ್ಲ. ನಾನು ದೇವಾಪುರದ ಸಾಲಿಯಲ್ಲಿ ಏಳನೆಯ ಇಯತ್ತೆವರೆಗೆ ಓದಿದ್ದೆ. ಐದನೆಯದರಿಂದ ಇಂಗ್ಲಿಷ್ ಇತ್ತು. ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು, ಅಷ್ಟೇ. ಹೀಗಾಗಿ ಮಾಲು ಹೊರುವುದರ ಜೊತೆಗೆ ನನಗೆ ಇನ್ನೊಂದು ಕೆಲಸ ಬಂತು. ಅದಕ್ಕೆ ಹೆಸರಿರಲಿಲ್ಲ. ಇಂಜಿನಿಯರು ಬರೆದುಕೊಟ್ಟ ಚೀಟಿಯನ್ನು ಮುತ್ಯಾ ಮಡಚಿ ತಂದು, ಊಟದ ಬಿಡುವಿನಲ್ಲಿ ನನ್ನ ಬುತ್ತಿಯ ಪಕ್ಕ ಇಡುತ್ತಿದ್ದರು. ನಾನು ಓದಿ ಹೇಳುತ್ತಿದ್ದೆ. ಅವರು ಒಮ್ಮೆ ಕೇಳಿದರೆ ಸಾಕು, ಅಳತೆ ತಲೆಯಲ್ಲಿ ಕೂರುತ್ತಿತ್ತು.

ಆ ಶಬ್ದಗಳಿಗೆಂದೇ ನಾನು ಒಂದು ನೋಟಬುಕ್ ಇಟ್ಟಿದ್ದೆ. ಕೆಂಪು ರಟ್ಟಿನದು, ನೀವು ನನ್ನ ಟ್ರಂಕಿನಲ್ಲಿ ನೋಡಿದ್ದೀರಿ. ಸ್ಟೆಪ್ ಅಂದರೆ ಮೆಟ್ಟಿಲು. ಟ್ರೆಡ್ ಅಂದರೆ ಕಾಲಿಡುವ ಅಗಲ, ಹತ್ತು ಇಂಚು. ರೈಸರ್ ಅಂದರೆ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರುವ ಎತ್ತರ, ಆರು ಇಂಚು. ಫ್ಲೈಟ್ ಅಂದರೆ ನಡುವೆ ನಿಲ್ಲದೆ ಹೋಗುವ ಮೆಟ್ಟಿಲುಗಳ ಒಂದು ಸಾಲು. ಲ್ಯಾಂಡಿಂಗ್ ಅಂದರೆ ನಡುವೆ ನಿಂತು ತಿರುಗುವ ಕಟ್ಟೆ. ಇವನ್ನೆಲ್ಲ ನಾನು ಯಾರನ್ನೂ ಕೇಳಿದವಳಲ್ಲ. ಇಂಜಿನಿಯರು ಬೇರೆಯವರ ಜೊತೆ ಮಾತಾಡುವಾಗ ಮರೆಯಲ್ಲಿ ನಿಂತು ಕೇಳಿಸಿಕೊಂಡು ಬರೆದುಕೊಂಡವು.

ನನ್ನ ಜೊತೆ ಮಾಲು ಹೊರುವ ಮಲ್ಲಮ್ಮ ಎಂಬುವಳಿದ್ದಳು. ಹೆಸರನ್ನು ನೆನಪಿಟ್ಟುಕೊಳ್ಳಿರಿ. ತಿಂಥಣಿಯವಳು, ನನಗಿಂತ ಎರಡು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಮುದುಕಿ ತಾಯಿಯನ್ನು ಸಾಕುತ್ತಿದ್ದಳು. ನಾನು ನಾಲ್ಕು ಮಂದಿಯ ಮುಂದೆ ಬಾಯಿ ಬಿಡದವಳು, ಅವಳು ನಲವತ್ತು ಮಂದಿಯನ್ನು ನಗಿಸುವವಳು. ನನ್ನನ್ನು ‘ಸಾಲಿ ಶಾಂತವ್ವ’ ಎಂದೇ ಕರೆಯುತ್ತಿದ್ದಳು.

“ಸಾಲಿ ಶಾಂತವ್ವಾ, ಇವತ್ತ ಮೆಟ್ಟಲದ್ದು ಏನೇನ್ ಕಲ್ತಿ, ನಮಗೂ ಒಂದೀಟ್ ಹೇಳ.”

“ಫ್ಲೈಟ್ ಅಂತ. ಹತ್ತಿ ಹೋದ ಮ್ಯಾಲ ಲ್ಯಾಂಡಿಂಗ್ ಅಂತ.”

“ಫ್ಲೈಟ್ ಅಂದ್ರ ವಿಮಾನ ಅಲ್ಲೇನ? ನೋಡ್ರಬೇ, ಮಾಲಿನ ಬುಟ್ಟಿ ಹೊತ್ಕೊಂಡು ನಾವು ದಿನಾ ವಿಮಾನ ಹತ್ತಾಕತ್ತೇವಿ. ಬಾಂಬೇದಾಗ ಇಳಿಸ್ತಾರಂದ್ರ ನಾಳಿ ಹೊಸಾ ಸೀರಿ ಉಟ್ಕೊಂಡ್ ಬರ್ತೀನಿ.”

ನೋಟಬುಕ್ಕಿನಲ್ಲಿ ಇನ್ನೆರಡು ಶಬ್ದಗಳಿದ್ದವು, ಈ ಕಥೆಗೆ ಅವೇ ಮುಖ್ಯ. ಮೆಟ್ಟಿಲಿನ ಮುಂದೆ ಚಾಚಿದ ಅಂಚಿಗೆ ನೋಸಿಂಗ್ ಎನ್ನುತ್ತಾರೆ. ನೋಸ್ ಅಂದರೆ ಮೂಗು ಎಂದು ನನ್ನ ಐದನೆಯ ಇಯತ್ತೆಯ ಪುಸ್ತಕದಲ್ಲಿತ್ತು. ಮೆಟ್ಟಿಲುಗಳನ್ನು ಹೊತ್ತಿರುವ ಓರೆ ಸ್ಲ್ಯಾಬಿಗೆ ವೇಸ್ಟ್ ಎನ್ನುತ್ತಾರೆ. ಅದು ಸೊಂಟ. ಹಾಗಾದರೆ ಮೆಟ್ಟಿಲಿಗೂ ಮನುಷ್ಯರ ಹಾಗೆ ಮೈ ಇದೆ ಎಂದು ನನಗೆ ಬಹಳ ಹಿಗ್ಗಾಯಿತು. ಅದರ ಮೂಗು, ಅದರ ಸೊಂಟ. ತಲೆ ಎಲ್ಲಿದೆ ಎಂದು ಹುಡುಕುತ್ತಿದ್ದೆ.

ಆ ವರ್ಷ ಶಹಾಪುರದ ಒಬ್ಬ ಅಡತಿ ಸಾವುಕಾರರ ಕಟ್ಟಡ ಹಿಡಿದಿದ್ದೆವು. ಕೆಳಗೆ ಅಂಗಡಿ, ಮೇಲೆ ಕಾಳಿನ ಚೀಲ ಇಡುವ ಕೋಣೆಗಳು. ನಕಾಶೆ ಹಾಕಿದ ಇಂಜಿನಿಯರು ಕಲಬುರಗಿಯಿಂದ ಹತ್ತು ದಿನಕ್ಕೊಮ್ಮೆ ಬರುತ್ತಿದ್ದರು. ಕೆಳಗಿನ ಗೋಡೆ ಎದ್ದು ಮೊದಲನೆಯ ಸ್ಲ್ಯಾಬಿಗೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟು ಸುರಿಯುವ ಅಚ್ಚಿನ ಹಲಗೆ ಹೊಡೆಯುವ ವಾರ ಅವರು ಬಂದರು. ಮುಂದಿನ ಎರಡು ತಿಂಗಳು ಬೇರೆ ಕೆಲಸವಿದೆ, ಬರುವುದಾಗುವುದಿಲ್ಲ ಎಂದು ಮುತ್ಯಾನ ಕೈಗೆ ಒಂದು ಚೀಟಿ ಕೊಟ್ಟರು. ಕಬ್ಬಿಣ ಎಷ್ಟು, ಬೀಮಿನ ಆಳ ಎಷ್ಟು ಎಂಬುದೆಲ್ಲ ಇತ್ತು. ಕೊನೆಯ ಸಾಲು ಇದು: ಹೆಡ್ ರೂಮ್, ಏಳು ಫೂಟು, ಮಿನ್.

ಹೆಡ್ ಅಂದರೆ ತಲೆ. ರೂಮ್ ಅಂದರೆ ಕೋಣೆ. ಎರಡೂ ನನಗೆ ಬರುವ ಶಬ್ದಗಳೇ. ಮೆಟ್ಟಿಲಿಗೆ ಮೂಗಿದೆ, ಸೊಂಟವಿದೆ, ತಲೆಯೂ ಸಿಕ್ಕಿತು ಎಂದುಕೊಂಡೆ. ಮಾಳಿಗೆಯ ಮೇಲೆ, ಮೆಟ್ಟಿಲು ಮುಗಿಯುವಲ್ಲಿ, ಮಳೆ ಬೀಳದಂತೆ ಕಟ್ಟುವ ಸಣ್ಣ ಕೋಣೆಗೆ ಕಾಲುವೆ ಕ್ಯಾಂಪಿನ ಗೌಂಡಿಗಳು ಹೆಡ್‌ರೂಮ್ ಎಂದೇ ಹೇಳುತ್ತಿದ್ದುದನ್ನು ನಾನು ಕಿವಿಯಾರೆ ಕೇಳಿದ್ದೆ. ಇನ್ನೇನು ಸಂಶಯ? ನೋಟಬುಕ್ಕಿನಲ್ಲಿ ಬರೆದೆ: ಹೆಡ್‌ರೂಮ್, ಮೆಟ್ಟಿಲಿನ ತುದಿಯ ಕೋಣೆ.

“ತುದಿಯ ಕೋಲಿ ಏಳು ಫೂಟ್ ಎತ್ತರ ಇರಬೇಕಂತ್ರಿ,” ಎಂದು ಮುತ್ಯಾನಿಗೆ ಹೇಳಿದೆ.

“ಅದನ್ನ ಈಗ ಯಾಕ ಬರ್ದಾನ? ಅದು ಕಟ್ಟೂದು ಇನ್ನೂ ಮೂರು ತಿಂಗಳಿಗಿ,” ಎಂದರು ಅವರು.

ನನಗೂ ಅದೇ ಅನಿಸಿತು. ಮಿನ್ ಎಂಬುದೂ ತಿಳಿಯಲಿಲ್ಲ. ಇಂಜಿನಿಯರು ಇನ್ನೂ ಹೋಗಿರಲಿಲ್ಲ. ರಸ್ತೆಯಾಚೆಗಿನ ಹೋಟೆಲಿನ ಮುಂದೆ ಜೀಪಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಮುತ್ಯಾ, “ಹೋಗಿ ಕೇಳಿ ಬಾ, ಓದಿದಾಕಿ ನೀನ ಅಲ್ಲೇನು?” ಎಂದರು. ನಾನು ಚೀಟಿ ಹಿಡಿದು ರಸ್ತೆ ದಾಟಿದೆ. ಜೀಪಿನ ಸುತ್ತ ಸಾವುಕಾರರು, ಅವರ ಮಂದಿ ನಿಂತಿದ್ದರು. ನನ್ನ ಸೀರೆಯ ಮೇಲೆ ಸಿಮೆಂಟು, ಕೈಯೆಲ್ಲ ಬಿರುಕು. ಇಂಜಿನಿಯರು ತಲೆಯೆತ್ತಿ ನನ್ನ ಕಡೆಗೆ ನೋಡಿದರು. ನಾನು ಚೀಟಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಹೋಟೆಲಿನ ಹಂಡೆಯಿಂದ ನೀರು ಕುಡಿದು, ತಿರುಗಿ ಬಂದೆ.

“ಕೇಳಿದೇನು?” ಎಂದರು ಮುತ್ಯಾ.

“ಹೌದ್ರಿ. ಅದ ಅಂತ,” ಎಂದೆ.

ಮಕ್ಕಳೇ, ಆ ಮೂರು ಶಬ್ದ ಸುಳ್ಳು. ಇಡೀ ಕಥೆ ಅಷ್ಟೇ. ಉಳಿದದ್ದು ಅದರ ಹಿಂದೆ ನಡೆದುಕೊಂಡು ಬಂದದ್ದು.

ಸ್ಲ್ಯಾಬು ಹಾಕಿದ್ದಾಯಿತು, ಮೆಟ್ಟಿಲೂ ಹಾಕಿದ್ದಾಯಿತು. ಹಲಗೆ ಬಿಚ್ಚಿದ ದಿನ ನೋಡಿದರೆ, ಕೆಳಗಿನ ಫ್ಲೈಟಿನ ಏಳನೆಯ ಮೆಟ್ಟಿಲಿನ ನೇರಕ್ಕೆ ಮೇಲೆ ಅಡ್ಡ ಬೀಮು ಬಂದಿತ್ತು. ನೆಲದಿಂದ ಬೀಮಿನ ತಳಕ್ಕೆ ಒಂಬತ್ತು ಫೂಟು. ಏಳು ಮೆಟ್ಟಿಲು ಹತ್ತಿದರೆ ಮೂರೂವರೆ ಫೂಟು ಏರಿದಂತೆ. ಉಳಿದದ್ದು ಐದೂವರೆ. ನಿಮ್ಮ ಮುತ್ಯಾ ಅಲ್ಲಿ ನಿಂತರೆ ಪೇಟ ಬೀಮಿಗೆ ತಾಗುತ್ತಿತ್ತು.

ಅದನ್ನು ಯಾರೂ ತಪ್ಪೆಂದು ತಿಳಿಯಲಿಲ್ಲ. ಇದನ್ನು ನೀವು ಅರ್ಥ ಮಾಡಿಕೊಳ್ಳಬೇಕು. ನಮ್ಮ ಕಲ್ಲಿನ ಮನೆಗಳ ಬಾಗಿಲು ತಗ್ಗಾಗಿರುತ್ತವೆ. ಹುಟ್ಟಿದಾಗಿನಿಂದ ತಲೆ ಬಗ್ಗಿಸಿಯೇ ಒಳಗೆ ಹೋದವರು ನಾವು. ಮನೆಗೆ ತೋರಿಸುವ ಮರ್ಯಾದೆ ಎಂದುಕೊಂಡವರು. ಸಾವುಕಾರರೇ ಬಂದು ನೋಡಿ, “ಇರ್ಲಿ ಬಿಡಪಾ ಗೌಂಡಿ, ಮ್ಯಾಲ ಕಾಳು ಇರೂ ಜಾಗಾ. ಬಗ್ಗಿ ಹೋದ್ರ ಲಕ್ಷ್ಮಿಗಿ ಕೈ ಮುಗಿದಂಗಾತು,” ಎಂದರು. ಮುತ್ಯಾ ಮಾತ್ರ ಎರಡು ಸಲ ಹತ್ತಿ ಇಳಿದು, ಬೀಮನ್ನು ಕೈಯಿಂದ ಸವರಿ, “ನಕಾಶೆದಾಗ ಹಿಂಗ ಇತ್ತೇನ ಬೇ?” ಎಂದು ನನ್ನನ್ನು ಕೇಳಿದರು. ನಾನು ನೋಡಿದೆ. ನೀಲಿ ಗೆರೆಗಳಲ್ಲಿ ನನಗೆ ಏನೂ ತಿಳಿಯಲಿಲ್ಲ. ಇರಬೇಕು ಎಂದೆ.

ಮಾಲು ಹೊತ್ತು ಮೇಲೆ ಹೋಗುವ ನಾವು ಆ ಮೆಟ್ಟಿಲಿಗೆ ಬಂದಾಗ ಬುಟ್ಟಿಯನ್ನು ತಲೆಯಿಂದ ಎದೆಗೆ ಇಳಿಸಿಕೊಂಡು, ಬಗ್ಗಿ ದಾಟಿ, ಮತ್ತೆ ತಲೆಗೆ ಏರಿಸಿಕೊಳ್ಳುತ್ತಿದ್ದೆವು. ಮಲ್ಲಮ್ಮ ದಿನವೂ ಅಲ್ಲಿ ನಿಂತು ಒಂದು ಮಾತು ಸಿಡಿಸುತ್ತಿದ್ದಳು. “ನನ್ನ ಅತ್ತಿಗಿ ಸೈತ ಇಷ್ಟು ಬಗ್ಗಿಲ್ಲ ನಾ. ಈ ಬೀಮ್ ಯಾವ ಜನ್ಮದಾಗ ನನ್ನ ಅತ್ತಿ ಆಗಿತ್ತೋ.”

ಎರಡನೆಯ ಸ್ಲ್ಯಾಬಿನ ದಿನ ಬಂತು. ಸ್ಲ್ಯಾಬು ಹಾಕುವ ದಿನ ನಿಲ್ಲುವಂತಿಲ್ಲ. ಬೆಳಿಗ್ಗೆ ಮಿಕ್ಸರ್ ಯಂತ್ರ ತಿರುಗಿತೆಂದರೆ ಕೊನೆಯ ಬುಟ್ಟಿ ಬೀಳುವವರೆಗೆ ಒಂದೇ ಸಮ ಮಾಲು ಹೋಗುತ್ತಿರಬೇಕು, ಇಲ್ಲವಾದರೆ ಹಾಕಿದ ಕಾಂಕ್ರೀಟಿನಲ್ಲಿ ಜಾಯಿಂಟ್ ಬಿದ್ದು ಮುಂದೆ ಸೋರುತ್ತದೆ. ಹದಿನೆಂಟು ಮಂದಿ ಹೆಣ್ಣುಮಕ್ಕಳು ಒಂದರ ಹಿಂದೆ ಒಂದು ಬುಟ್ಟಿ ಹೊತ್ತು ಹತ್ತುತ್ತಿದ್ದೆವು. ಮಧ್ಯಾಹ್ನ ಎರಡರ ಹೊತ್ತಿಗೆ ಮಿಕ್ಸರಿನವನು ಬೇಗ ಬೇಗ ಎಂದು ಒದರತೊಡಗಿದ. ನಾನು ಮಲ್ಲಮ್ಮನ ಹಿಂದೆ ಇದ್ದೆ, ನಡುವೆ ನಾಲ್ಕು ಮೆಟ್ಟಿಲು.

ಅವಳು ನನ್ನ ಕಡೆಗೆ ಅರೆ ತಿರುಗಿ, “ಶಾಂತವ್ವಾ, ಲ್ಯಾಂಡಿಂಗ್ ಬಂತೇನ?” ಎಂದಳು.

ಬುಟ್ಟಿ ಇಳಿಸುವುದನ್ನು ಆ ಒಂದು ಸಲ ಮರೆತಳು. ಕಬ್ಬಿಣದ ಬುಟ್ಟಿಯ ಅಂಚು ಬೀಮಿಗೆ ಬಡಿದ ಸಪ್ಪಳ ಕೇಳಿಸಿತು. ಅವಳ ಕುತ್ತಿಗೆ ಹಿಂದಕ್ಕೆ ಮುರಿಯಿತು. ಅವಳೂ ಬುಟ್ಟಿಯೂ ನನ್ನ ಪಕ್ಕದಿಂದಲೇ ಕೆಳಗೆ ಹೋದವು. ನಾನು ಒಂದು ಕೈಯಲ್ಲಿ ನನ್ನ ಬುಟ್ಟಿ ಹಿಡಿದಿದ್ದೆ. ಇನ್ನೊಂದು ಕೈ ಚಾಚಿದ್ದೆನೋ ಇಲ್ಲವೋ ನನಗೆ ಇವತ್ತಿಗೂ ನೆನಪಾಗುವುದಿಲ್ಲ.

ಸಾವುಕಾರರು ತರಿಸಿದ ಜೀಪಿನಲ್ಲಿ ಹಲಗೆ ಹಾಕಿ ಅವಳನ್ನು ಮಲಗಿಸಿ ಮೊದಲು ಯಾದಗಿರಿಗೆ, ಅಲ್ಲಿಂದ ಕಲಬುರಗಿಯ ಆಸ್ಪತ್ರೆಗೆ ಒಯ್ದರು. ಅವಳಿಗೆ ಎಚ್ಚರವಿತ್ತು, ಮಾತಾಡುತ್ತಿದ್ದಳು. ಆದರೆ ಕುತ್ತಿಗೆಯ ಕೆಳಗೆ ಅವಳ ಮೈ ಅವಳದಾಗಿರಲಿಲ್ಲ.

ಮರುದಿನ ಇಂಜಿನಿಯರು ಬಂದರು. ಎಲ್ಲ ಆಳುಗಳನ್ನು ಮೆಟ್ಟಿಲಿನ ಬುಡದಲ್ಲಿ ನಿಲ್ಲಿಸಿದರು. ಟೇಪು ಹಿಡಿದು ಏಳನೆಯ ಮೆಟ್ಟಿಲಿನಿಂದ ಬೀಮಿಗೆ ಅಳೆದರು.

“ಹೆಡ್‌ರೂಮ್ ಏಳು ಫೂಟಿಗಿಂತ ಕಡಿಮೆ ಆಗಬಾರದು ಅಂತ ಬರೆದುಕೊಟ್ಟಿದ್ದೆ. ಇಲ್ಲಿ ಐದೂವರೆ ಇದೆ. ಬೀಮನ್ನು ಮೂರೇ ಮೆಟ್ಟಿಲು ಹಿಂದಕ್ಕೆ ತಂದಿದ್ದರೆ ಸರಿಯಾಗುತ್ತಿತ್ತು.”

“ತುದಿಯ ಕೋಲಿ ಅಂದ್ಕೊಂಡಿದ್ದೆವ್ರಿ,” ಎಂದರು ಮುತ್ಯಾ.

“ಕೋಣೆ ಅಲ್ಲಪ್ಪಾ. ಅಲ್ಲಿ ರೂಮ್ ಅಂದರೆ ಜಾಗ. ಹತ್ತುವವರ ತಲೆಗೆ ಬಿಡಬೇಕಾದ ಜಾಗ.” ತಮ್ಮ ತಲೆಯ ಮೇಲೆ ಅಂಗೈ ಇಟ್ಟು ಬೀಮಿನವರೆಗೆ ಎತ್ತಿ ತೋರಿಸಿದರು. “ಚೀಟಿ ಓದಿದ್ದು ಯಾರು?”

ಮೂಗು ಮೆಟ್ಟಿಲಿನದು, ಸೊಂಟ ಮೆಟ್ಟಿಲಿನದು. ತಲೆ ಮಾತ್ರ ಮನುಷ್ಯರದು. ಆಗಷ್ಟೇ ಅದು ನನಗೆ ತಿಳಿಯಿತು.

“ನಾನ ಓದೇನ್ರಿ,” ಎಂದರು ನಿಮ್ಮ ಮುತ್ಯಾ.

“ನೀನಾ?”

“ಹೌದ್ರಿ.”

ಇಂಜಿನಿಯರು ಆ ಚೀಟಿಯನ್ನು ಕೇಳಿದರು. ಅದು ಮುತ್ಯಾನ ಅಂಗಿಯ ಕಿಸೆಯಲ್ಲೇ ಇತ್ತು. ತೆಗೆದು ಕೊಡಲು ಹೋದಾಗ, “ನೀನೇ ಓದು,” ಎಂದರು. ಮುತ್ಯಾ ಚೀಟಿಯನ್ನು ಬಿಡಿಸಿ ಎರಡೂ ಕೈಯಲ್ಲಿ ಹಿಡಿದರು. “ಏಳು ಫೂಟ್ ಅಂತ ಅದರಿ,” ಎಂದರು. ಚೀಟಿ ತಲೆಕೆಳಗಾಗಿತ್ತು.

ಯಾರೂ ನಗಲಿಲ್ಲ. ಇಂಜಿನಿಯರು ನಮ್ಮ ಸಾಲನ್ನೊಮ್ಮೆ ನೋಡಿದರು, ನನ್ನ ಮುಂದೆ ಅವರ ಕಣ್ಣು ಸ್ವಲ್ಪ ನಿಂತಿತು. ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ. ಅವರು ಆ ಕಾಗದವನ್ನು ಮುತ್ಯಾನ ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೆಟ್ಟಗೆ ಮಾಡಿ, ಜೀಪಿನ ಕಡೆಗೆ ಹೋದರು. ಅವತ್ತಿನಿಂದ ಶಹಾಪುರದಲ್ಲಿ ನಿಮ್ಮ ಮುತ್ಯಾನಿಗೆ ಬೀಮ್ ಗೌಂಡಿ ಎಂಬ ಹೆಸರು ಬಿತ್ತು.

ಮನೆಗೆ ಬರುವ ದಾರಿಯಲ್ಲಿ ನಾನು ಅತ್ತೆ. ಜೀಪಿನ ತನಕ ಹೋಗಿ ಕೇಳದೆ ಬಂದದ್ದನ್ನು ಹೇಳಿದೆ. ನಾಳೆ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಅವರು ದಾರಿಯಲ್ಲೇ ನಿಂತರು.

“ಹೇಳಬ್ಯಾಡ,” ಎಂದರು. “ಹೆಣ್ಮಗಳು ಓದಿ ಹಿಂಗಾತು ಅಂದ್ರ, ನಾಳಿಂದ ಯಾವ ಹೆಣ್ಮಗಳ ಕೈಯಾಗೂ ಚೀಟಿ ಕೊಡಂಗಿಲ್ಲ ಈ ಮಂದಿ. ನನಗ ಒಂದು ಹೆಸರು ಹೋದ್ರ ಹೋಗ್ಲಿ. ನೀ ಓದೂದು ಬಿಟ್ಟಿ ಅಂದ್ರ ನಾ ಕುರುಡ ಆಗ್ತೀನಿ.” ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತರು. “ಆದ್ರ ಮಲ್ಲವ್ವಗ ಹೇಳು. ಆಕಿಗಿ ಹೇಳದಿದ್ರ ನಡಿಯಂಗಿಲ್ಲ.”

ನಾನು ಕಲಬುರಗಿಗೆ ಹೋಗಿ ಅವಳ ಬಳಿ ಉಳಿದೆ. ಅವಳ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಉಣಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು ನಾನೇ. ಕುತ್ತಿಗೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟಿದ್ದರು. ಅವಳು ಮೇಲಿನ ಛತ್ತನ್ನೇ ನೋಡುತ್ತ ಮಾತಾಡುತ್ತಿದ್ದಳು. “ಜನ್ಮಾ ಪೂರ್ತಿ ಮರಳು ಹೊತ್ತೆ. ಈಗ ಮರಳ ನನ್ನ ಹೊತ್ತದ ನೋಡು,” ಎಂದು ನರ್ಸಮ್ಮನನ್ನೂ ನಗಿಸಿದಳು.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಅವಳೇ ಕೇಳಿದಳು. “ಇಂಜಿನಿಯರ್ ಏನೋ ರೂಮ್ ರೂಮ್ ಅಂದನಂತ. ಯಾವ ರೂಮ್ ಅದು?”

ಹೇಳಿದೆ. ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

“ನಾ ಎಷ್ಟದೀನಿ?”

“ಐದು ಫೂಟು.”

“ಸಿಂಬಿ, ಬುಟ್ಟಿ, ಮಾಲು?”

“ಎಲ್ಲಾ ಕೂಡಿ ಒಂದು ಫೂಟು.”

“ಆರಾತು. ಏಳು ಇದ್ದಿದ್ರ ಇನ್ನೂ ಒಂದ್ ಫೂಟ್ ಉಳೀತಿತ್ತಲ್ಲ ಬೇ. ನಿನ್ನ ಸಾಲಿ ಪುಸ್ತಕಾನೂ ಮ್ಯಾಲಿಟ್ಕೊಂಡ್ ಹೋಗ್ತಿದ್ದೆ.”

“ಮಲ್ಲವ್ವಾ, ಮುತ್ಯಾ ಅಲ್ಲ, ಅದನ್ನ ಓದಿದಾಕಿ ನಾನು,” ಎಂದೆ. ಆಗ ಅವರು ಯಾರಿಗೂ ಮುತ್ಯಾ ಆಗಿರಲಿಲ್ಲ, ಈಗ ಬರೆಯುವಾಗ ಹಾಗೆ ಬಂತು. ‘ಗೌಂಡಿ ಅಲ್ಲ’ ಎಂದಿದ್ದೆ.

“ಅದು ಗೊತ್ತದ. ಗೌಂಡಿಗಿ ಎಲ್ಲಿ ಓದಾಕ ಬರ್ತದ? ನನ್ನ ಕೈಯಾಗ ಆ ಚೀಟಿ ಕೊಟ್ಟಿದ್ರ ಎಲಿ ಅಡಕಿ ಸುಣ್ಣಾ ಕಟ್ಟಿ ಸೊಂಟಕ್ಕ ಸಿಗಿಸ್ಕೋತಿದ್ದೆ. ತಪ್ಪು ಓದಾಕರ ನಿನಗ ಬಂತು.” ಆಮೇಲೆ ಅವಳ ದನಿ ಬದಲಾಯಿತು. “ಖರೇ ಹೇಳು. ಓದೂ ಮುಂದ ಸಂಶಯ ಬಂದಿತ್ತೇನು?”

“ಬಂದಿತ್ತು.”

“ಕೇಳಬೇಕು ಅನಿಸಲಿಲ್ಲ?”

“ಜೀಪಿನ ತನಕ ಹೋಗಿದ್ದೆ.”

“ಮತ್ತ?”

“ನಾಚಿಕಿ ಆತು.”

“ನಾಚಿಕಿ,” ಎಂದಳು ಮಲ್ಲಮ್ಮ. ಕಣ್ಣು ಮುಚ್ಚಿಕೊಂಡಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ, ಇರಲಿ ಬಿಡು ಎಂದೂ ಅನ್ನಲಿಲ್ಲ. ಆ ಮಾತನ್ನು ಮುಂದೆ ಯಾವತ್ತೂ ಎತ್ತಲಿಲ್ಲ. ಇಪ್ಪತ್ತಮೂರನೆಯ ದಿನ ಬೆಳಗಿನ ಗಂಜಿಯನ್ನು ಎರಡು ಚಮಚ ಕುಡಿದು, ಸಾಕು ಎಂದಳು. ತಿಂಥಣಿಯ ಹೊಳೆಯ ದಂಡೆಯಲ್ಲಿ ಅವಳನ್ನು ಮಣ್ಣು ಮಾಡಿದೆವು. ಅವಳ ತಾಯಿ ಕೊನೆಯವರೆಗೂ ನಮ್ಮ ಮನೆಯಲ್ಲೇ ಇದ್ದಳು. ಆ ಮುದುಕಿ ನನ್ನ ಕೈ ಸವರಿ ಸವರಿ ನನ್ನನ್ನು ಒಳ್ಳೆಯವಳು ಎನ್ನುವಾಗ ನಾನು ಹೇಗೆ ಕುಳಿತಿರುತ್ತಿದ್ದೆ ಎಂಬುದನ್ನು ಬರೆಯಲು ನನಗೆ ಬರುವುದಿಲ್ಲ.

ಆ ಬೀಮನ್ನು ಒಡೆದು ಮೂರು ಮೆಟ್ಟಿಲು ಹಿಂದಕ್ಕೆ ಕಟ್ಟಿಕೊಟ್ಟವರು ನಿಮ್ಮ ಮುತ್ಯಾನೇ. ಅದು ಮುಗಿದ ದಿನ ಒಂದು ಬಿದಿರಿನ ಕೋಲನ್ನು ಸರಿಯಾಗಿ ಏಳು ಫೂಟಿಗೆ ಕೊಯ್ದರು. ಮುಂದೆ ಅವರು ಕಟ್ಟಿದ ಪ್ರತಿಯೊಂದು ಕಟ್ಟಡದಲ್ಲಿ, ಸೆಂಟ್ರಿಂಗ್ ಹೊಡೆಯುವ ಮೊದಲು, ಪ್ರತಿಯೊಂದು ಮೆಟ್ಟಿಲು ಎಲ್ಲಿ ಬರುತ್ತದೋ ಆ ಎತ್ತರಕ್ಕೆ ಆ ಕೋಲನ್ನು ನಿಲ್ಲಿಸಿ ನೋಡುತ್ತಿದ್ದರು. ವಡಗೇರಾದಲ್ಲಿ ಒಮ್ಮೆ ಒಬ್ಬ ಮಾಲೀಕರು, “ಟೇಪ್ ಇದ್ದ ಮ್ಯಾಲ ಕೋಲು ಯಾಕೋ?” ಎಂದು ನಕ್ಕರು. “ಟೇಪ್ ಸುತ್ಕೊಂಡ್ ಕಿಸೇದಾಗ ಕುಂದ್ರತದರಿ. ಇದು ನಿಂದ್ರತದ,” ಎಂದರು ಮುತ್ಯಾ. ನೀವು ಹಿತ್ತಲಲ್ಲಿ ಹುಣಸೆಕಾಯಿ ಉದುರಿಸುತ್ತೀರಲ್ಲ, ಆ ಕೋಲು ಅದೇ.

ನಾನೂ ಓದುವುದನ್ನು ಬಿಡಲಿಲ್ಲ. ಇನ್ನೂ ಹತ್ತೊಂಬತ್ತು ವರ್ಷ ಅವರ ಚೀಟಿ ಓದಿದೆ. ತಿಳಿಯದ ಶಬ್ದ ಬಂದರೆ ಜೀಪಿನ ತನಕ ಹೋದೆ, ಆಫೀಸಿನ ಬಾಗಿಲ ತನಕ ಹೋದೆ. ನಾಚಿಕೆ ಹೋಯಿತೆಂದು ತಿಳಿಯಬೇಡಿರಿ. ಅದು ನನ್ನ ಸಂಗಡವೇ ಬರುತ್ತಿತ್ತು. “ಸಾಹೇಬ್ರ, ಈ ಶಬ್ದ ನನಗ ಬರ್ತದಂತ ಅನಸ್ತದ, ಆದ್ರೂ ಹೇಳ್ರಿ,” ಎನ್ನುತ್ತಿದ್ದೆ. ಗೊತ್ತಿಲ್ಲದ ಶಬ್ದ ನಮ್ಮನ್ನು ತಾನೇ ನಿಲ್ಲಿಸುತ್ತದೆ. ಗೊತ್ತಿದೆ ಎನಿಸುವ ಶಬ್ದವೇ ಬೀಮಿನ ಕೆಳಗೆ ಒಯ್ಯುತ್ತದೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು, ಕಲಿಸಲು ಅದು ತೆಗೆದುಕೊಂಡದ್ದು ಮಲ್ಲಮ್ಮನನ್ನು.

ನಿಮ್ಮ ಮುತ್ಯಾ ಹೋಗಿ ಎರಡು ವರ್ಷವಾಯಿತು. ತಾವು ಓದಿರದ ಚೀಟಿಯ ಹೆಸರನ್ನು ಕೊನೆಯವರೆಗೂ ಹೊತ್ತುಕೊಂಡೇ ಹೋದರು. ಅವರಿದ್ದಾಗ ನಾನು ಹೇಳಲಿಲ್ಲ, ಅವರು ಬೇಡ ಎಂದಿದ್ದರು ಎಂಬ ನೆವ ನನಗಿತ್ತು. ಈಗ ಆ ನೆವವೂ ಇಲ್ಲ.

ಕೆಂಪು ನೋಟಬುಕ್ಕಿನಲ್ಲಿ ಹೆಡ್‌ರೂಮಿನ ಮುಂದೆ ನಾನು ಬರೆದ ತಪ್ಪು ಅರ್ಥ ಹಾಗೆಯೇ ಇದೆ, ಹೊಡೆದು ಹಾಕಿಲ್ಲ. ಅದರ ಕೆಳಗೆ ಸರಿಯಾದದ್ದನ್ನು ಬರೆದಿದ್ದೇನೆ: ಹತ್ತುವವರ ತಲೆಗೂ, ತಲೆಯ ಮೇಲಿನ ಬುಟ್ಟಿಗೂ ಬಿಡಬೇಕಾದ ಜಾಗ. ಈ ಹಾಳೆಗಳನ್ನು ಮಡಚಿ ಆ ಪುಟದಲ್ಲೇ ಇಡುತ್ತೇನೆ. ಟ್ರಂಕು ಯಾರ ಪಾಲಿಗೆ ಬಂದರೂ ಇವನ್ನು ಗೆದ್ದಲು ಹತ್ತದಂತೆ, ತೊಯ್ಯದಂತೆ ನೋಡಿಕೊಳ್ಳಿರಿ. ಇನ್ನೊಮ್ಮೆ ಯಾರಾದರೂ ಬೀಮ್ ಗೌಂಡಿಯ ಮೊಮ್ಮಕ್ಕಳೇನು ಎಂದು ಕೇಳಿದರೆ, ಹೌದೆನ್ನಿರಿ. ಇವನ್ನು ತೆಗೆದು ಅವರ ಮುಂದೆ ಗಟ್ಟಿಯಾಗಿ ಓದಿರಿ. ನನ್ನ ಹೆಸರು ಬಂದಲ್ಲಿ ದನಿ ತಗ್ಗಿಸಬೇಡಿರಿ.